ಸೋಮವಾರದ ಎತ್ತುಗಳು

ಎಪ್ಪತ್ತರ ದಶಕ. ನಾನು ರಾಮದುರ್ಗದಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದೆ. ಒಂದು ಸೋಮವಾರ ಇಂಗ್ಲಿಷ್ ಸರ್ ಹಲಗೆಯ ಮೇಲೆ ‘ರೆಸ್ಟ್’ ಎಂದು ಬರೆದರು. ಅದೇ ಪದ ಕ್ರಿಯಾಪದವಾಗಿ ಹೇಗೆ ಬರುತ್ತದೆ, ‘ರೆಸ್ಟಿಂಗ್’ ಆಗಿ ನಾಮಪದದ ಮುಂದೆ ನಿಂತು ಹೇಗೆ ವಿಶೇಷಣವಾಗುತ್ತದೆ ಎಂದು ವಿವರಿಸಿ ಉದಾಹರಣೆ ಕೇಳಿದರು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಾನು ಜಂಬದಿಂದ ಎದ್ದು, ಎತ್ತುಗಳು ಸೋಮವಾರ ರೆಸ್ಟ್ ಮಾಡುತ್ತವೆ, ಅವು ರೆಸ್ಟಿಂಗ್ ಎತ್ತುಗಳು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದೆ.

“ಶಾಬಾಸ್! ಈಗ ಎತ್ತ ಬಿಟ್ಟು ನಿಮ್ಮವ್ವನ್ನ ಹಾಕಿ ಹೇಳವಾ,” ಎಂದರು ಸರ್.

ನಾನು ಕೆಳಗೆ ಕುಳಿತುಬಿಟ್ಟೆ. ಅವ್ವ ಹಗಲಲ್ಲಿ ಮಲಗಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ! ಆಕೆ ಆಗ ತುಂಬು ಬಸುರಿ, ಕಾಲು ಬಾತಿದ್ದವು. ಹಗಲು ಮಲಗದಿದ್ದರೆ ತಾಯಿಗೂ ಕೂಸಿಗೂ ಜೀವಕ್ಕೆ ಧೋಕೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಪ್ಪನ ತಾಯಿ, ನಮ್ಮ ಆಯಿ, ಕೇಳಲಿಲ್ಲ. “ಸೊಸಿ ಹಗಲೊತ್ತು ಕಾಲ ಚಾಚಿದ್ರ ಮನಿಗೆ ದರಿದ್ರ ಹತ್ತತೈತಿ,” ಎಂದುಬಿಟ್ಟಿದ್ದಳು. ಅಪ್ಪ ಎದ್ದು ಹೊಲಕ್ಕೆ ಹೋಗಿದ್ದ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಒಲೆ ಆರಿತ್ತು, ರೊಟ್ಟಿ ಹೆಂಚು ತಣ್ಣಗಿತ್ತು. ಅವ್ವ ಅಡುಗೆಮನೆಯಲ್ಲಿಲ್ಲ, ಹಿತ್ತಲಲ್ಲೂ ಇಲ್ಲ. ಕೊಟ್ಟಿಗೆಗೆ ಓಡಿದೆ. ಮಲಗಿದ್ದ ಎರಡು ಎತ್ತುಗಳ ನಡುವೆ, ಹಾಸಿದ್ದ ಜೋಳದ ಕಣಿಕೆಯ ಮೇಲೆ, ಅವ್ವ ಅಲುಗಾಡದೆ ಬಿದ್ದಿದ್ದಳು. ಸತ್ತೇಹೋದಳು ಎಂದುಕೊಂಡು ಚೀರಿದೆ.

ಹಿಂದಿನಿಂದ ಬಂದು ಆಯಿ ನನ್ನ ಬಾಯಿ ಮುಚ್ಚಿದಳು.

“ಒದರಬ್ಯಾಡ ಹುಚ್ಚಿ! ಇವತ್ತ ಸೋಮವಾರ. ಮಲಗಿದ ಬಸವಣ್ಣನ್ನ ಎಬ್ಬಿಸಬಾರದು.”

ಹಾಗೆ ಪಿಸುಗುಟ್ಟಿದ ಆಯಿಯನ್ನು ನೋಡಿ ದಂಗಾದೆ. ಆಕೆಯ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಎತ್ತುಗಳಿಗಾಗಿ! ನನ್ನ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವ್ವ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ಆಕೆ ತಿಳಿದೇ ಅಲ್ಲಿ ಬಂದು ಮಲಗಿದ್ದಳು.

“ಎತ್ತ ಎದ್ದ ಕೂಡಲೆ ಆಕಿನ್ನ ಎಬ್ಬಿಸು,” ಎಂದು ಹೇಳಿ ಆಯಿ ತುದಿಗಾಲಲ್ಲಿ ಒಳಗೆ ಹೋದಳು.

ನಾನು ಆ ಮಧ್ಯಾಹ್ನ ಸಾಲೆಗೆ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಎತ್ತುಗಳ ಮುಂದೆ ಕುಳಿತು, ಅವುಗಳ ಮುಖಕ್ಕೆ ನೊಣ ಕೂರದಂತೆ ಬೀಸುತ್ತಾ, ಏಳಬ್ಯಾಡ್ರಿ, ಇನ್ನೊಂದೀಟು ಏಳಬ್ಯಾಡ್ರಿ ಎಂದು ಬೇಡಿಕೊಂಡೆ.