ಹಗಲಿನ ಅರುಂಧತಿ

ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ, ಕ್ಯಾಲೆಂಡರಿನ ಕೆಳಗೆ, ಒಂದು ಮೊಳೆಗೆ ಬ್ಯಾಟರಿ ತೂಗುಹಾಕಿರುತ್ತದೆ. ಪೇಟೆಯವರು ಟಾರ್ಚ್ ಎನ್ನುವುದನ್ನು ನಮ್ಮ ಕಡೆ ಬ್ಯಾಟರಿ ಎಂದೇ ಕರೆಯುವುದು ರೂಢಿ. ವಾಸ್ಕೋದ ಈ ಮಂಗೋರ್ ಹಿಲ್‌ನಲ್ಲಿ ಈಗ ಓಣಿಗೊಂದು ದೀಪವಿದೆ, ಎಲ್ಲರ ಕಿಸೆಯಲ್ಲೂ ಬೆಳಕು ಬೀರುವ ಮೊಬೈಲಿದೆ. ಆದರೂ ಬಣ್ಣ ಸುಲಿದ, ಗುಂಡಿ ಸಡಿಲಾದ ಈ ಬ್ಯಾಟರಿಯನ್ನು ನಾವು ದೇವರ ಫೋಟೋದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಅದು ನನ್ನ ತಂಗಿ ನೀಲವ್ವನದು. ಹೊತ್ತು ಮುಳುಗಿತೆಂದರೆ ಅದು ಮೊಳೆಯಿಂದ ಇಳಿದು ಅವಳ ಕೈ ಸೇರುತ್ತದೆ. ಬೆಳಗಾದರೆ ಮತ್ತೆ ಮೊಳೆ. ನಮ್ಮ ಮನೆಯಲ್ಲಿ ಸೂರ್ಯನ ಲೆಕ್ಕ ಇಡುವುದು ಅದೇ.

ನೀಲವ್ವನಿಗೆ ಇರುಳುಗುರುಡು. ಹಗಲಿನಲ್ಲಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಅದೇ ಕಣ್ಣು ಸಂಜೆಯಾದರೆ ಎದುರಿನ ಗೋಡೆಯನ್ನೂ ಕಾಣದು. ನಾವು ಬಾಗಲಕೋಟೆ ಕಡೆಯಿಂದ ಬಂದು ಬಾಯ್ನಾದ ಕಡಲ ದಂಡೆಯ ಗುಡಿಸಲಿನಲ್ಲಿದ್ದಾಗ, ದಿನವಿಡೀ ಪ್ರವಾಸಿಗರಿಗೆ ಮಣಿಸರ ಮಾರಿ ಮರಳುವ ಹೊತ್ತಿಗೆ ಅವಳು ನನ್ನ ಅಂಗಿಯ ಚುಂಗು ಹಿಡಿದುಕೊಂಡು ನಡೆಯುತ್ತಿದ್ದಳು. ಅವ್ವ ನುಗ್ಗಿಸೊಪ್ಪು ತಿನ್ನಿಸಿದಳು, ಗಜ್ಜರಿ ತಿನ್ನಿಸಿದಳು. ಯಾವುದೂ ನಾಟಲಿಲ್ಲ. ಗುಡಿಸಲುಗಳು ನೆಲಸಮವಾಗಿ ನಾವು ಈ ಗುಡ್ಡ ಹತ್ತಿದಾಗಲೂ ಅವಳ ಕೈಯಲ್ಲಿ ನನ್ನ ಅಂಗಿಯ ಚುಂಗಿತ್ತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಕಲಿತದ್ದು ಕಡಿಮೆ. ಆದರೆ ನನ್ನ ಹಿಂದೆ ನಡೆಯುವವಳಿಗೆ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಗಟಾರವಿದೆ ಎಂದು ಹೇಳುತ್ತ ನಡೆಯುವುದನ್ನು ಚೆನ್ನಾಗಿ ಕಲಿತಿದ್ದೆ. ಕಲಿತವನೇ ಒಂದು ದಿನ ಅವಳನ್ನು ಗಟಾರಕ್ಕೆ ಇಳಿಸಿದೆ. ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕು, ನಿಮಗೆ ಹೇಳುತ್ತಿದ್ದೇನೆ.

ಅಪ್ಪ ತೀರಿಕೊಂಡಮೇಲೆ ಅವಳ ಮದುವೆಯ ಹೊಣೆ ನನ್ನ ಮೇಲೆ ಬಿತ್ತು. ನಾನು ಅದನ್ನು ಜಾಣತನದಿಂದ ಮಾಡಿ ಮುಗಿಸಿದೆನೆಂದು ಆಗ ಬೀಗಿದ್ದೆ. ಹೆಣ್ಣು ನೋಡಲು ಬರುವವರಿಗೆ ಸುಡುಸುಡು ಮಧ್ಯಾಹ್ನವನ್ನೇ ಗೊತ್ತುಮಾಡಿದೆ. ನಿಶ್ಚಯವನ್ನು ಬೆಳಿಗ್ಗೆ ಮುಗಿಸಿದೆ. ಇದ್ದು ಊಟ ಮಾಡಿಕೊಂಡು ನಾಳೆ ಹೋಗಿ ಎಂದು ಅವ್ವ ಉಪಚಾರಕ್ಕೆ ಬಾಯಿ ತೆರೆದರೆ ಕಣ್ಣು ಕೆಕ್ಕರಿಸಿ ಸುಮ್ಮನಾಗಿಸಿದೆ.

“ಯಣ್ಣಾ, ಅವರಿಗೆ ಒಂದ್ ಮಾತು ಹೇಳೂಣು,” ಎಂದಳು ನೀಲವ್ವ.

“ಹೇಳಿದ್ರ ಯಾರ್ ಮಾಡ್ಕೋತಾರ ನಿನ್ನ? ಸುಮ್ನಿರು. ಮದಿವಿ ಆದ ಮ್ಯಾಲ ಎಲ್ಲಾ ಸರಿ ಹೋಗತೈತಿ.”

ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರವನ್ನು ನೀವೂ ನೋಡಿದ್ದೀರಿ. ಮಟಮಟ ಮಧ್ಯಾಹ್ನ ಮದುಮಕ್ಕಳನ್ನು ಚಪ್ಪರದ ಹೊರಗೆ ಕರೆತಂದು, ಭಟ್ಟರು ಬಿಳಿಯಾಗಿ ಉರಿಯುವ ಆಕಾಶಕ್ಕೆ ಬೆರಳು ತೋರಿಸಿ, “ಅಗೋ ಅರುಂಧತಿ. ಕಾಣ್ತೇನವಾ ತಂಗೀ?” ಎಂದು ಕೇಳಿದರು. ಯಾರಿಗೂ ಕಾಣದ ನಕ್ಷತ್ರ ಅದು. ಎಲ್ಲರೂ ಕಂಡೆವೆಂದು ನಕ್ಕು ಒಳಗೆ ಹೋಗುವ, ಯಾರಿಗೂ ಕೇಡಿಲ್ಲದ ಸುಳ್ಳು. ಆದರೆ ನೀಲವ್ವ ನನ್ನತ್ತ ತಿರುಗಿ ನಿಂತುಬಿಟ್ಟಳು. ಈಗಲಾದರೂ ಹೇಳಲೇ ಎಂಬಂತಿತ್ತು ಆ ನೋಟ. ನಾನು ಅವಳ ಗದ್ದಕ್ಕೆ ಬೆರಳಿಟ್ಟು ಮುಖವನ್ನು ಮೇಲೆತ್ತಿ, “ಕಾಣ್ತು ಅನ್ನು,” ಎಂದೆ.

“ಕಾಣ್ತು,” ಎಂದಳು.

ಇಡೀ ಚಪ್ಪರದ ಆ ಸಣ್ಣ ಸುಳ್ಳಿನ ನೆರಳಿನಲ್ಲಿ ನಾನು ನನ್ನ ದೊಡ್ಡ ಸುಳ್ಳನ್ನು ಮಲಗಿಸಿ ಬಂದೆ.

ಗಂಡನ ಮನೆಯಲ್ಲಿ ದೀಪ ಮಂಕಾಗಿತ್ತು. ಅಲ್ಲಿ ಅವಳು ಸಾರಿನ ಗಡಿಗೆಯನ್ನು ಎಡವಿದಳು, ಮಲಗಿದ್ದ ಅತ್ತೆಯ ಕೈ ತುಳಿದಳು. ಮೊದಲು ಸೊಕ್ಕು ಎಂದರು, ಆಮೇಲೆ ಗಾಳಿ ಹಿಡಿದಿದೆ ಎಂದರು, ಕಡೆಗೆ ತಿಳಿದುಕೊಂಡರು. ಅವಳ ಗಂಡ ಕೆಟ್ಟವನೇನಲ್ಲ. ಅವಳನ್ನೂ ಹಸುಗೂಸು ಭಾಗ್ಯಳನ್ನೂ ನಮ್ಮ ಹೊಸ್ತಿಲಲ್ಲಿ ಬಿಟ್ಟು, ನೀರನ್ನೂ ಕುಡಿಯದೆ, “ಹಗಲೊತ್ತಿನ್ಯಾಗ ಕೊಟ್ಟಿದ್ರಿ, ಹಗಲೊತ್ತಿನ್ಯಾಗ ತಂದ್ ಬಿಟ್ಟೇನ್ರಿ,” ಎಂದಷ್ಟೇ ಹೇಳಿ ಹೋದ. ಅಂದಿನಿಂದ ಅವರಿಬ್ಬರೂ ನನ್ನ ಜೊತೆಗಿದ್ದಾರೆ. ಅವ್ವನೂ ತೀರಿಕೊಂಡಳು. ನಾನು ಮದುವೆಯಾಗಲಿಲ್ಲ, ಏಕೆಂದು ಕೇಳಿದವರಿಗೆ ವೆರ್ಣಾ ಕಾರ್ಖಾನೆಯ ಪಾಳಿ ಕೆಲಸದ ನೆಪ ಹೇಳುತ್ತೇನೆ.

ಇಲ್ಲಿಯ ಡಾಕ್ಟರು ನೀಲವ್ವನ ಕಣ್ಣು ನೋಡಿ, ಇದು ಒಳಪರದೆಯ ಬೇನೆ, ರಕ್ತದಲ್ಲಿ ಬರುವಂಥದು, ಮಗುವನ್ನೂ ಒಮ್ಮೆ ತೋರಿಸಿ ಎಂದಿದ್ದರು. ನಾನು ತೋರಿಸಲಿಲ್ಲ. ಕಾರ್ಖಾನೆಗೆ ರಜೆಯಿಲ್ಲವೆಂದೆ, ಮಳೆ ಎಂದೆ, ಪರೀಕ್ಷೆ ಎಂದೆ. ಭಾಗ್ಯ ಬೆಳೆದು ಇಲ್ಲಿನ ಶಾಲೆಗೆ ಹೋಗುತ್ತ, ಕೊಂಕಣಿಯಲ್ಲಿ ಜಗಳವಾಡುತ್ತ, ಕನ್ನಡದಲ್ಲಿ ಅಳುತ್ತ ಇದ್ದಳು. ಸಂಜೆಯಾದರೆ ಟಿವಿಯ ಮುಂದೆ ಕೂತು ಏಳುತ್ತಿರಲಿಲ್ಲ. ಮಕ್ಕಳೆಲ್ಲ ಹಾಗೆಯೇ ಅಲ್ಲವೇ ಎಂದು ನಾನು ಸಮಾಧಾನ ಮಾಡಿಕೊಂಡೆ.

ಹೀಗಿರುವಾಗ ಕಂಪನಿ ಬಸ್ಸಿನಲ್ಲಿ ಯಾರೋ ಸುದ್ದಿ ಹೇಳಿದರು. ಮಡಗಾಂವ್ ಕಡೆ ಒಂದು ಸಮುದಾಯ ಭವನದ ಮಹಡಿಯಲ್ಲಿ ಪುಟ್ಟ ತಾರಾಲಯವಿದೆಯಂತೆ, ಶನಿವಾರ ಭಾನುವಾರ ಹಗಲೆಲ್ಲ ಸಾರ್ವಜನಿಕರಿಗೆ ಶನಿಯಂಥ ಗ್ರಹಗಳನ್ನೂ ನಕ್ಷತ್ರಗಳನ್ನೂ ತೋರಿಸುತ್ತಾರಂತೆ. ಮಗುವಿಗೆ ಚುಕ್ಕಿ ತೋರಿಸುವ ಆಸೆಯಿಂದ ಹೊರಟೆನೆಂದು ಹೇಳಿದರೆ ಅದು ಅರ್ಧ ನಿಜ. ಡಾಕ್ಟರ ಮುಂದೆ ಕೂಡಿಸಲು ಧೈರ್ಯವಿಲ್ಲದವನು ಅವಳನ್ನು ಕತ್ತಲಲ್ಲಿ ಕೂಡಿಸಿ ನೋಡಲು ಹೊರಟಿದ್ದೆ.

ಶನಿವಾರ ಮೂವರೂ ಹೋದೆವು. ಮೆಟ್ಟಿಲುದ್ದಕ್ಕೂ ಜನ. ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು: “ಊರಾಗ ಶನಿ ಬಿಡಿಸಾಕ ಎಣ್ಣಿ ಸುರೀತಿದ್ವಿ ಯಣ್ಣಾ, ಇಲ್ಲಿ ನೋಡಾಕ ಪಾಳಿ ಹಚ್ಚ್ಯಾರ!”

ಬಾಗಿಲಲ್ಲಿದ್ದ ಹುಡುಗಿ ಬೆಳಕು ಬೀರುವ ಯಾವುದನ್ನೂ ಒಳಗೆ ಬಿಡುವುದಿಲ್ಲವೆಂದು ನೀಲವ್ವ ಹಗಲಲ್ಲೂ ಜೊತೆಗೆ ತಂದಿದ್ದ ಬ್ಯಾಟರಿಯನ್ನು ಇಸಿದುಕೊಂಡು ಬುಟ್ಟಿಗೆ ಹಾಕಿದಳು. ನೀಲವ್ವನ ನಗು ಅಲ್ಲಿಗೇ ನಿಂತಿತು. ಒಳಗೆ ಹೋಗುವಾಗ, ಎಷ್ಟೋ ವರ್ಷಗಳ ಮೇಲೆ, ಅವಳ ಕೈ ನನ್ನ ಅಂಗಿಯ ಚುಂಗನ್ನು ಹುಡುಕಿತು.

ಬೋರಲು ಹಾಕಿದ ಬೋಗುಣಿಯಂಥ ಬಿಳಿ ಚಾವಣಿ. ಅದರ ಕೆಳಗೆ ಒರಗಿ ಕೂತೆವು, ನಾನು ನಡುವೆ, ಅವರಿಬ್ಬರೂ ಅಕ್ಕಪಕ್ಕ. ದೀಪಗಳು ನಿಧಾನವಾಗಿ ಆರಿ ಕತ್ತಲು ತುಂಬಿದಮೇಲೆ ಚಾವಣಿಯೇ ಇಲ್ಲವಾಗಿ ನಕ್ಷತ್ರಗಳು ತುಂಬಿಕೊಂಡವು. ಜನ ಒಟ್ಟಿಗೆ ‘ಆಹಾ’ ಎಂದರು. ಕಾರ್ಖಾನೆಯ, ಬಂದರಿನ ಬೆಳಕಿನಲ್ಲೇ ವಯಸ್ಸು ಕಳೆದ ನನಗೆ ಆಕಾಶದಲ್ಲಿ ಇಷ್ಟೊಂದು ಇದೆಯೆಂದು ತಿಳಿದಿರಲಿಲ್ಲ. ವಿವರಿಸುತ್ತಿದ್ದ ಟೀಚರಮ್ಮ ಹಿಂದಿಯಲ್ಲಿ, ನಡುನಡುವೆ ಕೊಂಕಣಿಯಲ್ಲಿ, ಏಳು ಋಷಿಗಳನ್ನು ಎಳೆದು ತೋರಿಸಿ, ವಸಿಷ್ಠನ ಮಗ್ಗುಲಲ್ಲಿ ಕಂಡೂ ಕಾಣದಂತಿರುವ ಚುಕ್ಕಿಯೇ ಅರುಂಧತಿ, ಮದುವೆಯಲ್ಲಿ ತೋರಿಸುತ್ತಾರಲ್ಲ ಅದೇ, ಎಲ್ಲರಿಗೂ ಕಾಣಿಸಿತೇ ಎಂದು ಕೇಳಿದರು.

“ಕಾಣ್ತು,” ಎಂದಳು ನೀಲವ್ವ. ಅವಳನ್ನು ಯಾರೂ ಕೇಳಿರಲಿಲ್ಲ. ಆ ಮಬ್ಬಿನಲ್ಲಿ ಅವಳ ಗದ್ದ ತಾನಾಗಿಯೇ ಮೇಲೆದ್ದಿರುವುದು ನನಗೆ ಕಂಡಿತು.

“ಕಾಣ್ತು,” ಎಂದಿತು ಇನ್ನೊಂದು ಮಗ್ಗುಲಿಂದ ಭಾಗ್ಯಳ ದನಿ. ಅದೇ ರಾಗ.

ಆ ಒಂದು ಮಾತಿಗಾಗಿಯೇ ಅಷ್ಟು ದೂರ ಹೋಗಿದ್ದವನು ನಾನು. ಆದರೆ ನಮ್ಮ ಮನೆಯಲ್ಲಿ ಆ ಮಾತನ್ನು ನಂಬದಂತೆ ಮಾಡಿದವನೂ ನಾನೇ. ಮಾರನೆಯ ದಿನ ಮಗುವನ್ನು ಮತ್ತೆ ಕರೆದೊಯ್ಯುತ್ತೇನೆಂದಾಗ ನೀಲವ್ವ ಮುನಿಸಿಕೊಂಡಳು. “ಒಮ್ಮಿ ನೋಡಿದ್ದು ಸಾಕಾಗಲಿಲ್ಲೇನು? ಚುಕ್ಕಿ ಏನ್ ದಿನಾ ಬದಲ್ ಆಕ್ಕಾವೇನು?”

ಭಾನುವಾರ ದೀಪಗಳು ಆರಿದವು. ಯಂತ್ರಕ್ಕೆ ಏನಾಯಿತೋ, ನಕ್ಷತ್ರಗಳು ಬರಲಿಲ್ಲ. ಒಂದೂ ಇಲ್ಲ; ಬರೀ ಕತ್ತಲು. ಜನ ಬೇಸರದಿಂದ ‘ಓ’ ಎಂದರು. ಆ ಖಾಲಿ ಕತ್ತಲಿನತ್ತ ಮುಖವೆತ್ತಿ ಭಾಗ್ಯ ಹೇಳಿದಳು: “ಎಷ್ಟ್ ಚಂದ ಅದಾವ ಮಾಮಾ, ಚುಕ್ಕಿ!”

“ಭಾಗ್ಯಾ,” ಎಂದೆ ಪಿಸುದನಿಯಲ್ಲಿ, “ಖರೇ ಹೇಳು. ಏನರ ಕಾಣತೈತೇನು?”

ಅವಳು ನನ್ನ ಕಿವಿಯ ಹತ್ತಿರ ಬಂದಳು. “ಅವ್ವ ಹೇಳ್ಯಾಳ. ಮಂದಿ ಆಹಾ ಅಂದ್ ಕೂಡ್ಲೆ ಕಾಣ್ತು ಅನಬೇಕಂತ.”

ಆಮೇಲೆ ನಕ್ಷತ್ರಗಳು ಬಂದವು. ಆಟ ಮುಗಿಯುವವರೆಗೆ ನಾನು ಅವುಗಳ ಕೆಳಗೆ ಕೂತಿರಬೇಕಾಯಿತು, ಅವಳ ಬೆವೆತ ಸಣ್ಣ ಕೈಯನ್ನು ಹಿಡಿದುಕೊಂಡು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

“ಯಾವಾಗಿಂದ ಗೊತ್ತಿತ್ತು?” ಎಂದೆ.

“ಭಾಳ ದಿನಾ ಆತು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಏನ್ ಮಾಡ್ತಿದ್ದಿ ಯಣ್ಣಾ? ಇಕಿಗೂ ಒಂದ್ ಮಧ್ಯಾಹ್ನದ ವರಾ ಹುಡುಕ್ತಿದ್ದಿ.”

ಅದರಲ್ಲಿ ಸಿಟ್ಟಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಬೈದಿದ್ದರೆ ತಪ್ಪಾಯಿತು ಎನ್ನುವುದಕ್ಕಾದರೂ ಒಂದು ಸಂದು ಸಿಗುತ್ತಿತ್ತು. ನಾನು ಹೊರಗೆ ಹೋಗಿ ಇನ್ನೊಂದು ಬ್ಯಾಟರಿ ಕೊಂಡು ತಂದೆ. ಹಳೆಯ ಮೊಳೆಯ ಕೆಳಗೆ, ಭಾಗ್ಯಳ ಕೈಗೆ ಎಟಕುವಷ್ಟು ಎತ್ತರದಲ್ಲಿ, ಹೊಸ ಮೊಳೆ ಹೊಡೆದೆ. ಬರುವ ವಾರ ಆಸ್ಪತ್ರೆಗೆ ಹೋಗುವುದೆಂದು ಹೇಳಿದೆ.

ಮುಸ್ಸಂಜೆ ಭಾಗ್ಯ ನನ್ನೊಡನೆ ಅಂಗಡಿಗೆ ಹೊರಟಳು, ಹೊಸ ಬ್ಯಾಟರಿ ಮುಟ್ಟದೆ. ಗೆಳತಿಯರು ನಗುತ್ತಾರಂತೆ. ಹೊಸ್ತಿಲು ದಾಟಿದವಳೇ ನಾವೆಲ್ಲ ಕಾಕು ಎನ್ನುವ ಪಕ್ಕದ ಮನೆಯಾಕೆ ಇಟ್ಟಿದ್ದ ಕೊಡಕ್ಕೆ ಎಡವಿ ನೀರು ಚೆಲ್ಲಿದಳು.

“ಕಣ್ ಎಲ್ಲಿಟ್ಟೀಯೇ ಮಾರಾಯ್ತಿ? ಇಷ್ಟ್ ದೊಡ್ಡ ಕೊಡಾ ಕಾಣಲಿಲ್ಲೇನು?” ಎಂದರು ಕಾಕು.

ಭಾಗ್ಯ ನನ್ನತ್ತ ತಿರುಗಿ ನಿಂತಳು. ಆ ನೋಟವನ್ನು ನಾನು ಹಿಂದೊಮ್ಮೆ ಚಪ್ಪರದ ಹೊರಗೆ ಕಂಡಿದ್ದೆ. ಈ ಸಲ ನನ್ನ ಕೈ ಅವಳ ಗದ್ದದತ್ತ ಹೋಗಲಿಲ್ಲ.

“ಇಲ್ರೀ ಕಾಕು,” ಎಂದಳು ಮಗು, “ನನಗ ಕತ್ತಲದಾಗ ಕಾಣವಲ್ದು.”

ಕಾಕು ಕೊಡ ಎತ್ತಿಕೊಂಡು ಒಳಗೆ ಹೋದರು. ಬಾಗಿಲಲ್ಲಿ ನೀಲವ್ವ ನಿಂತಿದ್ದಳು.

“ನಾಳಿಗೆ ಓಣಿಗೆಲ್ಲಾ ಗೊತ್ತಾಕ್ಕತಿ,” ಎಂದಳು.

“ಆಗ್ಲಿ ಬಿಡು,” ಎಂದೆ.

ಅವಳು ನಾನಿದ್ದ ಕಡೆಗೆ ಮುಖ ಮಾಡಿದಳು. ಆ ಹೊತ್ತಿನಲ್ಲಿ ನಾನು ಅವಳಿಗೆ ಕಾಣುತ್ತಿರಲಿಲ್ಲವೆಂದು ನನಗೆ ಗೊತ್ತು. “ಈ ಮಾತು ಆಗ ನನಗ್ಯಾಕ ಅನಲಿಲ್ಲ ಯಣ್ಣಾ?”

ಕತ್ತಲಾಗಿತ್ತು, ಅವಳ ಬ್ಯಾಟರಿ ಇನ್ನೂ ಮೊಳೆಯ ಮೇಲೆಯೇ ಇತ್ತು. ಇಳಿಸಿ ಅವಳ ಕೈಗಿಟ್ಟೆ.