ನಾಗವ್ವನ ಮನೆಗೆ ದೇವಿ ಬಂದದ್ದು

ಬೈಲಹೊಂಗಲದ ನಾಗವ್ವ ಪುಣೆಯ ಶುಕ್ರವಾರ ಪೇಠೆಗೆ ಬಂದದ್ದು ಮಗನಿಗೆ ರೊಟ್ಟಿ ಬಡಿದು ಹಾಕಲಿಕ್ಕೆ. ಆದರೆ ಆಕೆಯ ಕೈಗಿಂತ ತಲೆಯೇ ಹೆಚ್ಚು ಓಡುತ್ತಿತ್ತು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಮೈದುನರ ನಡುವೆ ಉಪಾಯದಿಂದಲೇ ಬಾಳಿ ಮಗನನ್ನು ಬೆಳೆಸಿದ ಹೆಂಗಸು. ಸುಳ್ಳು ಹೇಳುವಾಗ ಆಕೆಯ ಮುಖದಲ್ಲಿ ಎಂಥ ಭಕ್ತಿ ತುಂಬುತ್ತಿತ್ತೆಂದರೆ, ಕೇಳಿದವರು ಕೈ ಮುಗಿಯುವುದೊಂದೇ ಬಾಕಿ.

ಅದು ಎರಡನೆಯ ಮಹಾಯುದ್ಧದ ಕಾಲ. ಮಗ ಶಿವಪುತ್ರಪ್ಪನಿಗೆ ಖಡ್ಕಿ ಕಡೆಯ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಹಗಲು ಮಲಗೋಣವೆಂದರೆ ಅವರಿದ್ದದ್ದು ವಾಡೆಯಲ್ಲಿ. ಹತ್ತಾರು ಸಂಸಾರಗಳಿಗೆ ಒಂದೇ ಅಂಗಳ, ಒಂದೇ ನಳ. ನಳದ ಹತ್ತಿರ ಕೊಡಗಳ ಜಗಳ, ಕಟ್ಟೆಯ ಮೇಲೆ ಹುಡುಗರ ಮಗ್ಗಿ. ಇದು ಸಾಲದೆಂಬಂತೆ ಗೋಡೆಯಾಚೆ ಬೆಳಗಾವಿಯ ಗೋದಾಬಾಯಿ, ಖಾನಾವಳಿಗೆ ಕೊಡಲು ದಿನವಿಡೀ ಶೇಂಗಾಹಿಂಡಿಯ ಚಟ್ನಿಪುಡಿ ಕುಟ್ಟುತ್ತಿದ್ದಳು. ಶಿವಪುತ್ರಪ್ಪ ಕಿವಿಗೆ ಅರಳೆ ತುರುಕಿದ, ತಲೆಗೆ ಧೋತರ ಸುತ್ತಿದ, ಒಮ್ಮೆ ಹೊರಸಿನ ಕೆಳಗೂ ತೂರಿ ನೋಡಿದ. ನಿದ್ದೆ ಸುಳಿಯಲಿಲ್ಲ. ಕೊನೆಗೆ ಯಂತ್ರದ ಮುಂದೆಯೇ ತೂಕಡಿಸಿ ಸಿಕ್ಕಿಬಿದ್ದ. ಇನ್ನೊಮ್ಮೆ ಕಣ್ಣು ಮುಚ್ಚಿದರೆ ಕೆಲಸವಿಲ್ಲ ಎಂದರು ಮೇಲಿನವರು. ನಾಗವ್ವನಿಗೆ ಕೆಲಸದ ಚಿಂತೆಗಿಂತ ಮಗನ ಕೈಬೆರಳುಗಳ ಚಿಂತೆ. ಮದ್ದಿನ ಮುಂದೆ ನಿದ್ದೆಗಣ್ಣು ಎಂದರೆ ಬೆರಳು ಉಳಿಯುವುದುಂಟೇ?

ಹಗಲು ಕುಟ್ಟುವುದನ್ನು ಬಿಡಬೇಕೆಂದು ಗೋದಾಬಾಯಿಯನ್ನು ಕೇಳಿದ್ದಾಯಿತು. ಹಾಗಾದರೆ ನಾನು ಉಣ್ಣುವುದೇನು ಎಂದು ಆಕೆ ತಿರುಗಿ ಕೇಳಿದಳು. ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟರು.

ಮರುದಿನವೇ ನಾಗವ್ವನ ಬಾಗಿಲಲ್ಲಿ ಬೇವಿನ ಸೊಪ್ಪು ತೂಗಿತು. ಒಳಗಿನಿಂದ ಆಕೆಯ ಕ್ಷೀಣವಾದ ದನಿ ಬಂತು: "ದೇವಿ ಬಂದಾಳ್ರೆವ್ವಾ. ಮೈತುಂಬ ಬಂದಾಳ."

ಸಿಡುಬೆಂದರೆ ದೇವಿ. ಆಕೆ ಬಂದ ಮನೆಯ ಹತ್ತಿರ ಕುಟ್ಟುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಗಟ್ಟಿಯಾಗಿ ಕೂಗುವಂತಿಲ್ಲ, ತಾಯಿ ಸಿಟ್ಟಾಗುತ್ತಾಳೆ. ವಾಡೆ ತೆಪ್ಪಗಾಯಿತು. ಕೊಡಗಳು ಸದ್ದಿಲ್ಲದೆ ತುಂಬಿದವು, ಹುಡುಗರು ಮಗ್ಗಿಯನ್ನು ಬಾಯೊಳಗೇ ನುಂಗಿದರು, ಗೋದಾಬಾಯಿ ಶೇಂಗಾದ ಬುಟ್ಟಿ ಹೊತ್ತು ಕುಟ್ಟಲಿಕ್ಕೆ ಆಚೆ ಓಣಿಗೆ ಹೋದಳು. ಶಿವಪುತ್ರಪ್ಪ ಸತ್ತಂತೆ ಮಲಗಿದ, ಎದ್ದು ಉಂಡ, ಮತ್ತೆ ಮಲಗಿದ. ಕೆಲವೇ ದಿನಗಳಲ್ಲಿ ಅವನ ಕಣ್ಣಿನ ಕೆಂಪು ಇಳಿಯಿತು. ಕಂಬಳಿ ಹೊದ್ದು ಬಿದ್ದಿದ್ದ ನಾಗವ್ವ, ಹೊಸ್ತಿಲಾಚೆ ಯಾರೋ ಇಟ್ಟುಹೋದ ಮೊಸರನ್ನವನ್ನು ಬೆರಳು ಚೀಪಿ ಚೀಪಿ ಉಂಡಳು. ಇಂಥ ಸುಖ ಆಕೆಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ.

ಆದರೆ ದೇವಿಯನ್ನು ಎಷ್ಟು ದಿನವೆಂದು ಇಟ್ಟುಕೊಳ್ಳುವುದು? ಒಂದು ಮಧ್ಯಾಹ್ನ ಮಗ ಗೊರಕೆ ಹೊಡೆಯುತ್ತಿದ್ದಾಗ ಗೋದಾಬಾಯಿ ಸೀದಾ ಒಳಗೆ ಬಂದು ಹಾಸಿಗೆಯ ಪಕ್ಕ ಕುಳಿತಳು. ನಾಗವ್ವ ನರಳತೊಡಗಿದಳು.

"ಸಾಕ್ರಿ ನಾಗವ್ವಾರ," ಎಂದು ಗೋದಾಬಾಯಿ ಪಿಸುಗುಟ್ಟಿದಳು. "ಸಣ್ಣಾಕಿ ಇದ್ದಾಗ ನಿಮಗ ದೇವಿ ಬಂದು ಹೋಗ್ಯಾಳ. ಮಾರಿ ತುಂಬ ಕಲಿ ಅದಾವ. ಒಮ್ಮೆ ಬಂದಾಕಿ ಮತ್ತ ಬರ್ತಾಳೇನ್ರಿ?"

ನಾಗವ್ವ ಮುಖ ಮುಟ್ಟಿಕೊಂಡಳು; ಕೆನ್ನೆಯ ಮೇಲಿನ ಸಿಡುಬಿನ ಕಲೆಗಳು ಬೆರಳಿಗೆ ಹತ್ತಿದವು. ಕುಂಕುಮ ಅಳಿಸಿದ ದಿನ ಬಿಟ್ಟ ಕನ್ನಡಿಯನ್ನು ಆಕೆ ಮತ್ತೆ ಕೈಗೆತ್ತಿಕೊಂಡಿರಲಿಲ್ಲ. ತನ್ನ ಮುಖ ಹೇಗಿದೆಯೆಂಬುದೇ ಆಕೆಗೆ ಮರೆತುಹೋಗಿತ್ತು. ಊರಿಗೆಲ್ಲ ಕಾಣುವ ಗುರುತು ತನಗೊಬ್ಬಳಿಗೇ ನೆನಪಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಎಲ್ಲರಿಗೂ ಗೊತ್ತಾಗಿದೆಯೇ ಎಂದು ಮೆಲ್ಲಗೆ ಕೇಳಿದಳು.

ಮೊದಲ ದಿನವೇ ಗೊತ್ತಾಗಿತ್ತಂತೆ. ನಗುವವರ ಬಾಯಿ ಮುಚ್ಚಿಸಿ, ಮೊಸರನ್ನ ಕಳಿಸಿದವಳೂ ಗೋದಾಬಾಯಿಯೇ. ಜಗಳವಾಡಿದ್ದು ನಿಜ, ಆದರೆ ಆ ಹುಡುಗನ ಕೆಂಪು ಕಣ್ಣು ಆಕೆಯಿಂದಲೂ ನೋಡಲಾಗುತ್ತಿರಲಿಲ್ಲ.

ನಾಗವ್ವನ ಕಣ್ಣು ತುಂಬಿ ಬಂತು. ಗೋದಾಬಾಯಿ ಮಾತ್ರ ಎದ್ದುಹೋಗಿ, ಬಾಗಿಲಿನ ಬೇವಿನ ಸೊಪ್ಪನ್ನು ಬಿಚ್ಚಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು.

"ನಮ್ಮ ಮಗ ಮಧುಕರಗೂ ಸೋಮವಾರದಿಂದ ರಾತ್ರಿ ಪಾಳಿ," ಎಂದಳು. "ನೀವು ಇನ್ನ ಏಳ್ರಿ. ನನ್ನ ಮಾರಿ ಸಾಫ್ ಅದ, ಒಂದೂ ಕಲಿ ಇಲ್ಲ."