ಸೂಜಿಯಣ್ಣನ ಕಿವಿಗೆ ಬೀಳದ ಹಾಡು

ಗ್ರಾಮಫೋನ್ ತಟ್ಟೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ನಾವು ಯೂನಿಯನ್ ಕಟ್ಟುತ್ತಿದ್ದಾಗ ತಪಾಸಣೆ ಮೇಜಿನಲ್ಲಿ ಅವನಿದ್ದ. ಎಲ್ಲರಿಗೂ ಅವನು ಸೂಜಿಯಣ್ಣ. ರಾಶಿಯಿಂದ ತಟ್ಟೆ ಎತ್ತಿ, ಶುರುವಿನಲ್ಲಿ ಸೂಜಿ ಇಟ್ಟು ಒಂದು ಚೂರು ಕೇಳುವುದು, ಕೊನೆಯಲ್ಲಿಟ್ಟು ಇನ್ನೊಂದು ಚೂರು. ಚರ್ ಎಂದರೆ ಕರಗಿಸುವ ಡ್ರಮ್ಮಿಗೆ, ಇಲ್ಲದಿದ್ದರೆ ಪೆಟ್ಟಿಗೆಗೆ. ನಡುವಿನದನ್ನು ಕೇಳಲು ಪುರುಸೊತ್ತು ಯಾವನಪ್ಪ ಕೊಡುತ್ತಾನೆ?

ಆ ವರ್ಷ ಹೆಸರುವಾಸಿ ತಂಡವೊಂದರ ಡಿಸ್ಕೊ ಪ್ರೇಮಗೀತೆ ಊರೂರನ್ನೇ ಕುಣಿಸುತ್ತಿತ್ತು. ಅದರ ತಟ್ಟೆ ಒತ್ತಿ ಒತ್ತಿ ನಮಗೆ ಸಿಕ್ಕಿದ್ದು ಓವರ್‌ಟೈಮು, ಬೆನ್ನುನೋವು. ವಾರದ ರಜೆಯನ್ನೂ ಆ ಹಾಡೇ ನುಂಗಿತು.

ಹತ್ತಿ ಗಿರಣಿಯ ಧೂಳು ಕುಡಿದು ಸೂಜಿಯಣ್ಣನ ಹೆಂಡತಿಯ ಎದೆ ಹಾಳಾಗಿತ್ತು. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮನೆಯ ರೇಡಿಯೋ ಔಷಧಿಯಂಗಡಿಯ ಪಾಲಾಗಿತ್ತು. ಬೀದಿಯ ಸೈಕಲ್ ಅಂಗಡಿಯವ ದಿನವಿಡೀ ಅದೇ ಹಾಡಿನ ಟೇಪು ಹಾಕುತ್ತಿದ್ದ. ಗೋಡೆ ದಾಟಿ ಅವಳಿಗೆ ಬರುತ್ತಿದ್ದುದು ಬರೀ ಧಬ್ ಧಬ್. ಗಂಡ ಆ ಅಂಗಡಿ ತೆರೆಯುವ ಮೊದಲೇ ಹೊರಡುತ್ತಿದ್ದ, ಮುಚ್ಚಿದ ಮೇಲೆ ಬರುತ್ತಿದ್ದ.

"ರೀ, ದಿನಾ ಕೇಳ್ತೀರಲ್ಲ, ಒಂದ್ಸಲ ಹಾಡಿ," ಎಂದಳು.

ಅವನು ಶುರುವಿನ ಚೂರು ಗುನುಗಿದ. ಆಮೇಲೆ ನೇರ ಕೊನೆಯದು.

"ಆಯ್ತಾ? ನಡುವಿಂದೆಲ್ಲ ನಿಮ್ಮ ಮ್ಯಾನೇಜರ್ ತಿಂದ್ನಾ?"

ನಗಲು ಹೋಗಿ ಕೆಮ್ಮಿದಳು. ಪಕ್ಕದ ಮನೆಯ ಅಕ್ಕ ಹಾಡಿ ತೋರಿಸಲು ಬಂದರೆ, "ನೀವು ಬೇಡ ಅಕ್ಕ. ಲಗ್ನ ಆದಾಗಿಂದ ಒಂದು ಪ್ರೀತಿ ಮಾತಾಡಿಲ್ಲ ಈ ಮನುಷ್ಯ. ಸಾಲ ತಂದ ಮಾತಾದ್ರೂ ಆಗ್ಲಿ, ಇವರ ಬಾಯಲ್ಲೇ ಬರ್ಬೇಕು. ನಾನು ಇರೋದ್ರೊಳಗೆ," ಎಂದಳು.

ಮರುದಿನ ಅವನು ಶುರುವಿನಲ್ಲಿಟ್ಟ ಸೂಜಿಯನ್ನು ಎತ್ತಲಿಲ್ಲ. ತಟ್ಟೆ ತಿರುಗಿತು, ಹಿಂದೆ ರಾಶಿ ಬೆಳೆಯಿತು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮ್ಯಾನೇಜರ್ ಬಂದ.

"ಏನಯ್ಯಾ, ಹಾಡು ಕೇಳೋಕೆ ಸಂಬಳ ಕೊಡ್ತೀವಾ?"

"ಮತ್ತಿನ್ಯಾತಕ್ಕೆ ಕೊಡ್ತೀರಾ ಸ್ವಾಮಿ?"

ಆ ಮಾತಿಗೆ ಅವನನ್ನು ಗೇಟಿನಾಚೆ ಹಾಕಿದರು. ನಾವು ಗೇಟಿಗೆ ಅಡ್ಡ ಕೂತು ಗಂಟಲು ಹರಿದುಕೊಂಡೆವು. ಏನೂ ಕಿಸಿಯಲಾಗಲಿಲ್ಲ.

ಅವನು ನೇರ ಸೈಕಲ್ ಅಂಗಡಿಗೆ ಹೋದ. ಹಾಡು ಮೊದಲಿಂದ ಕೊನೆತನಕ, ಮತ್ತೆ ಮೊದಲಿಂದ, ನಿಂತೇ ಕೇಳಿದ. ಮನೆಗೆ ಬಂದು ಹಾಸಿಗೆಯ ಪಕ್ಕ ಕೂತ.

"ಪೂರ್ತಿ ಕೇಳ್ದೆ ಕಣೇ."

"ಹೇಳಿ, ಹೇಳಿ. ನಡುವೆ ಏನಿದೆ?"

ಅವನು ಬಾಯಿ ತೆರೆದ. ಶುರುವಿನ ಚೂರು ಗುನುಗಿ ನಿಲ್ಲಿಸಿದ.

"ಅವನ ಟೇಪು ಸವೆದಿದೆ. ನಡುವೆ ಕರಕರ ಅಂತಿದೆ."

ಅವನ ಕಿವಿಗೆ ಬಿದ್ದದ್ದು ಅಷ್ಟೇ. ಆ ಕರಕರ ಹಿಡಿಯಲೆಂದೇ ಅಲ್ಲವೇ ಕಾರ್ಖಾನೆಯವರು ಆ ಕಿವಿಯನ್ನು ಪಳಗಿಸಿದ್ದು? ಅವಳು ಗೋಡೆಯ ಕಡೆ ಹೊರಳಿ, ಧಬ್ ಧಬ್ ಬರುವ ಜಾಗಕ್ಕೆ ಅಂಗೈ ಒತ್ತಿ ಮಲಗಿದಳು.

ಅವಳು ಆ ವಾರ ದಾಟಲಿಲ್ಲ. ಹೆಣ ಎತ್ತುವಾಗ ಸೈಕಲ್ ಅಂಗಡಿಯವ ಮರ್ಯಾದೆಗೆಂದು ಟೇಪು ನಿಲ್ಲಿಸಿದ.

"ಹಾಕು ಮಾರಾಯ, ಹಾಕು," ಎಂದ ಸೂಜಿಯಣ್ಣ.

"ಛೇ, ಇವತ್ತು ಬೇಡ ಬಿಡಣ್ಣ," ಎಂದ ಅಂಗಡಿಯವ. ಹಾಕಲಿಲ್ಲ.